ಮಧ್ಯಾಹ್ನಕ್ಕೇ ಕತ್ತಲಾಗುವ ಕಾರು

ದೊನಾತೊನ ಶೆಡ್ಡಿನ ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಒಂದು ಸಾಲು ಬರೆದಿದೆ: ‘ಮೊದಲು ಕಣ್ಣು, ಆಮೇಲೆ ಯಂತ್ರ.’ ಬರೆದವನು ಅವನೇ. ಬಣ್ಣ ಜಾಸ್ತಿಯಾಗಿ ‘ಕಣ್ಣು’ ಎಂಬ ಪದದಿಂದ ಎರಡು ಹನಿ ಕೆಳಗಿಳಿದು ಹಾಗೆಯೇ ಒಣಗಿವೆ. ದೂರದಿಂದ ನೋಡಿದರೆ ಕಣ್ಣು ಅಳುತ್ತಿರುವ ಹಾಗೆ ಕಾಣುತ್ತದೆ. ಚೆಸಾರಿಯಾಳ ಕಾರಿನ ಪ್ರಸಂಗ ಮುಗಿದ ಮೇಲೆ ಅದನ್ನು ಅಳಿಸಿಹಾಕಲು ಅವನು ಏಣಿ ತಂದು ಹತ್ತಿಯೂ ಆಗಿತ್ತು. ಹೆಂಡತಿ ಪೀನಾ ಕೆಳಗೆ ನಿಂತು ಏಣಿ ಅಲ್ಲಾಡಿಸಿದಳು.

“ಇಳಿ ಕೆಳಗೆ. ಅದು ಅಲ್ಲೇ ಇರಲಿ. ದಿನಾ ಬೆಳಿಗ್ಗೆ ಅದರ ಕೆಳಗೇ ತಲೆ ತಗ್ಗಿಸ್ಕೊಂಡು ಒಳಗೆ ಹೋಗು. ಪಾದ್ರಿ ಕೊಡೋ ಪ್ರಾಯಶ್ಚಿತ್ತಕ್ಕಿಂತ ಅದೇ ಮೇಲು.”

ದೊನಾತೊ ಇಳಿದ. ಸಾಲು ಉಳಿಯಿತು.

ಬೂಟಿನ ಆಕಾರದ ಇಟಲಿಯ ಹಿಮ್ಮಡಿಯಲ್ಲಿ, ಎರಡು ಸಮುದ್ರಗಳ ನಡುವೆ ಸಿಕ್ಕಿಕೊಂಡಿರುವ ನಮ್ಮ ತೊರ್ರೆಪಿಯಾನದಲ್ಲಿ ಕಾರು ಕೆಟ್ಟರೆ ಹೋಗುವುದಕ್ಕೆ ಎರಡು ಬಾಗಿಲು. ಹೊಗೆ ಬಂದರೆ, ಎಣ್ಣೆ ಸೋರಿದರೆ ಮೆಕ್ಯಾನಿಕ್ಕಿನ ಬಾಗಿಲು. ಹತ್ತಬಾರದ ದೀಪ ಹತ್ತಿದರೆ, ಹತ್ತಬೇಕಾದ ದೀಪ ಹತ್ತದಿದ್ದರೆ ದೊನಾತೊನ ಬಾಗಿಲು. ಅವನು ಕಾರುಗಳ ಎಲೆಕ್ಟ್ರಿಷಿಯನ್. ಸೋದರಮಾವನ ಕೈಕೆಳಗೆ ಡೈನಮೊಗಳಿಗೆ ತಾಮ್ರದ ತಂತಿ ಸುತ್ತುತ್ತಾ ಬೆಳೆದವನು. ಡೈನಮೊಗಳ ಕಾಲ ಮುಗಿದು ಕಾರುಗಳ ಹೊಟ್ಟೆಯಲ್ಲಿ ಕಂಪ್ಯೂಟರುಗಳು ಹುಟ್ಟಿಕೊಂಡಾಗ ಮಾವ ಅಂಗಡಿ ಮುಚ್ಚಿ ಮೀನು ಹಿಡಿಯಲು ಹೋದ. ದೊನಾತೊ ಹೋಗಲಿಲ್ಲ. ಯಾರೂ ಕಲಿಸದ ವಿದ್ಯೆಯನ್ನು ಫ್ಯೂಸು ಸುಟ್ಟು, ಬೆರಳು ಸುಟ್ಟು, ಒಮ್ಮೆ ಪಾದ್ರಿಯ ಕಾರಿನ ಅರ್ಧ ವೈರಿಂಗನ್ನೇ ಸುಟ್ಟು ಕಲಿತ.

ಹೀಗೆ ಕಲಿತವರಿಗೆ ಬರುವ ರೋಗವೊಂದಿದೆ. ಅದು ಅವನಿಗೂ ಬಂತು. ತನಗೆ ತಿಳಿದದ್ದನ್ನು ಊರಿಗೆಲ್ಲ ಹೇಳುವ ರೋಗ. ಚೌಕದ ಕಾಫಿ ಅಂಗಡಿಯಲ್ಲಿ ನಿಂತುಕೊಂಡೇ ಭಾಷಣ ಶುರುಮಾಡುತ್ತಿದ್ದ: “ಸ್ಕ್ಯಾನರು ಸೆನ್ಸರ್ ಕೆಟ್ಟಿದೆ ಅಂದ ತಕ್ಷಣ ಸೆನ್ಸರ್ ಬದಲಾಯಿಸೋನು ಮೆಕ್ಯಾನಿಕ್ ಅಲ್ಲ, ಪೋಸ್ಟ್‌ಮ್ಯಾನ್. ಪೆಟ್ಟಿಗೆ ಬಂತು, ಪೆಟ್ಟಿಗೆ ಕೊಟ್ಟ. ಸೆನ್ಸರ್ ಯಾಕೆ ಹಾಗೆ ಹೇಳ್ತು ಅಂತ ಕೇಳ್ಬೇಕು. ಅದು ಸಾಕ್ಷಿ ಕಣ್ರಪ್ಪ, ಕಳ್ಳ ಅಲ್ಲ.” ಆಮೇಲೆ ಚಕ್ರದ ಸೆನ್ಸರಿನ ಕತೆ. ಲೆಚ್ಚೆ ನಗರದ ದೊಡ್ಡ ಶೋರೂಮಿನವರು ಒಂದು ಕಾರಿಗೆ ಮತ್ತೆ ಮತ್ತೆ ಸೆನ್ಸರ್ ಬದಲಿಸಿ ಸೋತಿದ್ದರಂತೆ. ಇವನು ಬಗ್ಗಿ ನೋಡಿದಾಗ ಚಕ್ರದ ಹಿಂದಿನ ವೈರು ಉಜ್ಜಿ ಉಜ್ಜಿ ಚರ್ಮ ಸುಲಿದುಕೊಂಡು ನಿಂತಿತ್ತಂತೆ. ಈ ಕತೆ ಊರಿಗೆ ಎಷ್ಟು ಬಾಯಿಪಾಠವಾಗಿತ್ತೆಂದರೆ, ಅವನು ‘ನಾನು ಬಗ್ಗಿ ನೋಡಿದೆ’ ಎನ್ನುವಷ್ಟರಲ್ಲಿ ಕಾಫಿ ಮಾಡುವವನು “ಚರ್ಮ ಸುಲಿದಿತ್ತು” ಎಂದು ಮುಗಿಸಿಬಿಡುತ್ತಿದ್ದ.

ಇಂಥವನ ಶೆಡ್ಡಿಗೆ ಈಸ್ಟರ್ ಕಳೆದ ಮೇಲೆ ಚೆಸಾರಿಯಾ ಬಂದಳು.

ಚೆಸಾರಿಯಾ ಮತ್ತು ಅವಳ ತಮ್ಮ ಜೆರಾರ್ದೊ ಸೇರಿ ನಮ್ಮೂರಿನ ಬೇಕರಿ ನಡೆಸುತ್ತಾರೆ. ಎರಡು ಸಲ ಸುಟ್ಟು ಕಲ್ಲಿನಂತೆ ಗಟ್ಟಿಮಾಡಿದ ಬಾರ್ಲಿ ರೊಟ್ಟಿ ಅವರ ಸರಕು. ನೀರಲ್ಲಿ ಅದ್ದಿ, ಟೊಮೇಟೊ ಉಜ್ಜಿ ತಿನ್ನದಿದ್ದರೆ ಹಲ್ಲಿನ ಜವಾಬ್ದಾರಿ ತಿನ್ನುವವನದೇ. ತಮ್ಮ ಒಲೆ ನೋಡಿಕೊಳ್ಳುತ್ತಾನೆ. ಅಕ್ಕ ಮೂಟೆಗಳನ್ನು ಕಾರಿಗೆ ತುಂಬಿಕೊಂಡು ಸಮುದ್ರ ದಂಡೆಯ ಅಂಗಡಿಗಳಿಗೆ ಹಾಕಿ ಬರುತ್ತಾಳೆ. ಮದುವೆಯಾಗಲಿಲ್ಲ. ನಲವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತಳು; ಕಲಿತ ದಿನದಿಂದ ಸ್ಟಿಯರಿಂಗನ್ನು ಇನ್ನೊಬ್ಬರಿಗೆ ಕೊಡಲು ಅವಳಿಗೆ ಸಂಕಟ. ಬೆಳಗಿನ ಕೆಲಸ ಮುಗಿಸಿ, ಸಮುದ್ರದ ಪಕ್ಕ ಕಾರು ನಿಲ್ಲಿಸಿ, ಕಿಟಕಿ ಇಳಿಸಿ, ಒಬ್ಬಳೇ ಕೂತು ಒಂದು ಸಿಗರೇಟು ಸೇದುತ್ತಾಳೆ ಎಂದು ಊರಿಗೆಲ್ಲ ಗೊತ್ತು. ಅದು ಊರಿಗೆ ಗೊತ್ತಿದೆ ಎಂಬುದು ಅವಳಿಗೂ ಗೊತ್ತು. ಕಳೆದ ಚಳಿಗಾಲದಲ್ಲಿ ತಮ್ಮ ಹಟಮಾಡಿ ಹಳೆಯ ಕಾರು ಮಾರಿಸಿ ಹೊಸ ಕೆಂಪು ಕಾರು ಕೊಡಿಸಿದ್ದ. ಮುಳ್ಳಿನ ಮೀಟರುಗಳಿಲ್ಲ, ಎಲ್ಲವೂ ಪರದೆಯ ಮೇಲೆ.

“ದೊನಾತೊ, ನನ್ನ ಕಾರಲ್ಲಿ ಮಧ್ಯಾಹ್ನಕ್ಕೇ ಕತ್ತಲಾಗುತ್ತೆ.”

“ಕತ್ತಲಾಗುತ್ತೆ ಅಂದ್ರೆ ಏನಕ್ಕ?”

“ಕತ್ತಲಾಗುತ್ತೆ ಅಂದ್ರೆ ಕತ್ತಲಾಗುತ್ತೆ. ಮುಂದಿರೋ ಟಿವಿ ಮಂಕಾಗಿಬಿಡುತ್ತೆ. ಆ ಬಿಸಿಲಲ್ಲಿ ಸ್ಪೀಡ್ ಎಷ್ಟು, ಪೆಟ್ರೋಲ್ ಎಷ್ಟು, ಒಂದೂ ಕಾಣಲ್ಲ. ಹೆಡ್‌ಲೈಟು ತಾನಾಗೇ ಹತ್ತಿಕೊಳ್ಳುತ್ತೆ. ಎದುರಿಗೆ ಬರೋ ಗಂಡಸರೆಲ್ಲ ಲೈಟಲ್ಲೇ ಕಣ್ಣು ಹೊಡೀತಾರೆ. ಈ ವಯಸ್ಸಲ್ಲೂ ನನಗೆ ಕಣ್ಣು ಹೊಡೀತಾರಲ್ಲ ಅಂತ ಮೊದಲೆರಡು ದಿನ ಖುಷಿಯಾಗಿದ್ದೆ.”

“ಯಾವಾಗಿಂದ ಹೀಗೆ?”

“ಈಸ್ಟರಿಂದ.”

ಒಳ್ಳೆಯ ಎಲೆಕ್ಟ್ರಿಷಿಯನ್ ಕೇಳಬೇಕಾದ ಪ್ರಶ್ನೆಯನ್ನೇ ದೊನಾತೊ ಕೇಳಿದ್ದ. ಸರಿಯಾದ ಉತ್ತರವೇ ಸಿಕ್ಕಿತ್ತು. ಆದರೆ ನಾವು ಈ ಕಡೆಯ ಜನ. ನಮಗೆ ತಲೆ ನೋವು ಬಂದರೂ, ಹಾಲು ಒಡೆದರೂ, ಅತ್ತೆ ಸೊಸೆ ಮಾತು ಬಿಟ್ಟರೂ ಕಾರಣ ಒಂದೇ: ಸಿರೊಕ್ಕೊ. ಆಫ್ರಿಕಾದ ಮರಳನ್ನೂ ಸಮುದ್ರದ ತೇವವನ್ನೂ ಹೊತ್ತುಕೊಂಡು ದಕ್ಷಿಣದಿಂದ ಬೀಸುವ ಗಾಳಿ. ಈಸ್ಟರಿನ ವಾರವಿಡೀ ಅದೇ ಬೀಸಿತ್ತು. ದೊನಾತೊ ತಲೆ ಆಡಿಸಿದ. ಕನೆಕ್ಟರಿನೊಳಗೆ ತೇವ ಹೋಗಿದೆ, ಹಸಿರು ತುಕ್ಕು ಹಿಡಿದಿದೆ. ಕಾರಿನ ಬಾಗಿಲು ತೆಗೆಯುವ ಮುಂಚೆಯೇ ಅವನ ತೀರ್ಪು ತಯಾರಾಗಿತ್ತು.

ಕಾರನ್ನು ಶೆಡ್ಡಿನೊಳಗೆ ತಂದ. ಮುಂದಿನ ಗಾಜಿನ ಬುಡದಲ್ಲಿ, ಡ್ಯಾಶ್‌ಬೋರ್ಡಿನ ನಟ್ಟನಡುವೆ ಒಂದು ಆಲಿವ್ ಕೊಂಬೆ ಇತ್ತು. ಈಸ್ಟರಿನ ಹಿಂದಿನ ಗರಿಗಳ ಭಾನುವಾರ ಇಗರ್ಜಿಯಲ್ಲಿ ಪಾದ್ರಿ ಮಂತ್ರಿಸಿ ಕೊಟ್ಟದ್ದು. ಬಿಳಿ ರಿಬ್ಬನ್ ಕಟ್ಟಿತ್ತು. ನಮ್ಮಲ್ಲಿ ಆ ಕೊಂಬೆ ಇಲ್ಲದ ಕಾರು ಇಲ್ಲ. ಅದನ್ನು ಕಸಕ್ಕೆ ಹಾಕುವಂತಿಲ್ಲ, ನೆಲಕ್ಕೆ ಬೀಳಿಸುವಂತಿಲ್ಲ. ಮುಂದಿನ ವರ್ಷ ಇಗರ್ಜಿಗೇ ಮರಳಿಸಿದರೆ ಸುಟ್ಟು ಬೂದಿ ಮಾಡುತ್ತಾರೆ. ದೊನಾತೊ ಇಗರ್ಜಿಗೆ ಹೋಗುವುದು ಯಾರಾದರೂ ಸತ್ತಾಗ ಮಾತ್ರ, ಅದೂ ಹೊರಗೇ ನಿಲ್ಲುತ್ತಾನೆ. ಆದರೂ ಗ್ರೀಸಿನ ಕೈಯನ್ನು ಚಿಂದಿಗೆ ಒರೆಸಿಕೊಂಡ, ಎರಡು ಬೆರಳಿನಿಂದ ಕೊಂಬೆಯನ್ನು ಎತ್ತಿದ, ಬೆರಳ ತುದಿಗೆ ಮುತ್ತಿಟ್ಟ, ಕೊಂಬೆಯನ್ನು ಗೋಡೆಯ ಕ್ಯಾಲೆಂಡರಿನ ಸಂತನ ಕೆಳಗೆ ಹಲಗೆಯ ಮೇಲಿಟ್ಟ. ಅದಾದ ಮೇಲೆ ಕಾರಿನ ಕಂಪ್ಯೂಟರಿನಿಂದ ದೋಷಗಳನ್ನು ಓದುವ ಸ್ಕ್ಯಾನರ್ ಚುಚ್ಚಿದ.

ಯಂತ್ರ ಹೇಳಿತು: ದೋಷ ದಾಖಲಾಗಿಲ್ಲ.

ಕನೆಕ್ಟರ್ ಬಿಚ್ಚಿದ. ತುಕ್ಕಿಲ್ಲ. ಆದರೂ ಸ್ಪ್ರೇ ಹೊಡೆದ, ಸಿರೊಕ್ಕೊಗೆ ಅವಮಾನವಾಗಬಾರದಲ್ಲ. ಕಾರನ್ನು ಊರಾಚೆ ಓಡಿಸಿ ನೋಡಿದ. ಪರದೆ ಬೆಳಗುತ್ತಿತ್ತು, ಹೆಡ್‌ಲೈಟು ಮಲಗಿತ್ತು. ವಾಪಸ್ ಬಂದು, ಕೈ ತೊಳೆದು, ಕೊಂಬೆಯನ್ನು ಇದ್ದ ಜಾಗದಲ್ಲೇ, ಇದ್ದ ರೀತಿಯಲ್ಲೇ ಇಟ್ಟ. ರಿಬ್ಬನ್ ಬಲಕ್ಕಿತ್ತು ಎಂದು ನೆನಪಿಟ್ಟುಕೊಂಡು ಬಲಕ್ಕೇ ತಿರುಗಿಸಿದ. ಶೆಡ್ಡಿನ ಒಳಗೆ ಹೇಗೂ ಮಬ್ಬು. ಅಲ್ಲಿ ಕಾರಿನ ದೀಪ ಹತ್ತಿದ್ದರೆ ಯಾರಿಗೂ ಆಶ್ಚರ್ಯವಿಲ್ಲ.

“ಸರಿಹೋಯ್ತು ಅಕ್ಕ. ಸಿರೊಕ್ಕೊ.”

“ನಾನೂ ಅದೇ ಅಂದ್ಕೊಂಡೆ” ಎಂದು ಚೆಸಾರಿಯಾ ಹೋದಳು.

ನಾಲ್ಕು ದಿನಕ್ಕೆ ವಾಪಸ್. “ಕತ್ತಲು.”

ಈ ಸಲ ದೊನಾತೊ ಮಾಡಿದ್ದನ್ನು ಬರೆಯಲು ನನಗೇ ನಾಚಿಕೆ. ಡ್ಯಾಶ್‌ಬೋರ್ಡಿನ ನಡುವೆ ಅಂಗಿಯ ಗುಂಡಿಯ ಹಾಗೆ ಉಬ್ಬಿಕೊಂಡಿರುವ ಕಪ್ಪು ಬಟ್ಟು ಇದೆಯಲ್ಲ, ಹೊರಗೆ ಹಗಲೋ ರಾತ್ರಿಯೋ ಎಂದು ಕಾರಿಗೆ ತಿಳಿಸುವ ಬೆಳಕಿನ ಸೆನ್ಸರ್, ಅದನ್ನು ಬದಲಿಸಿದ. ಹೌದು. ಪೆಟ್ಟಿಗೆ ತರಿಸಿದ, ಪೆಟ್ಟಿಗೆ ಕೊಟ್ಟ. ಯಾರೂ ನೋಡಬಾರದೆಂದು ಶೆಡ್ಡಿನ ಬಾಗಿಲು ಅರ್ಧ ಎಳೆದುಕೊಂಡು ಮಾಡಿದ. ಅದಕ್ಕೂ ಮುಂಚೆ ಕೊಂಬೆಯನ್ನು ಎತ್ತಿ, ಮುತ್ತಿಟ್ಟು, ಸಂತನ ಕೆಳಗಿಟ್ಟ. ಕೆಲಸ ಮುಗಿದ ಮೇಲೆ ವಾಪಸ್ ಇಟ್ಟ, ರಿಬ್ಬನ್ ಬಲಕ್ಕೆ.

ಮತ್ತೆ ಕತ್ತಲು. ಮೂರನೆಯ ಸಲ ಕಾರಿನ ಅರ್ತ್ ವೈರುಗಳನ್ನೆಲ್ಲ ಬಿಚ್ಚಿ ಉಜ್ಜಿ ಬಿಗಿದ. ಕೊಂಬೆ ಎತ್ತಿದ, ಮುತ್ತಿಟ್ಟ, ಇಳಿಸಿದ, ಏರಿಸಿದ. ಅಷ್ಟು ಭಕ್ತಿ ಅವನ ಬಾಳಿನಲ್ಲಿ ಅದಕ್ಕೆ ಮುಂಚೆ ಇರಲಿಲ್ಲ. ನಡುವೆ ಚೆಸಾರಿಯಾ ಲೆಚ್ಚೆಯ ಶೋರೂಮಿಗೂ ಹೋಗಿ ಬಂದಳು. ಅಲ್ಲಿ ಇಸ್ತ್ರಿ ಅಂಗಿಯ ಹುಡುಗನೊಬ್ಬ ಕಾರನ್ನು ತೊಳೆಯಲು ಕಳಿಸಿ, ತೊಳೆದು ಒರೆಸಿದ ಕಾರಿಗೆ ಲ್ಯಾಪ್‌ಟಾಪ್ ಜೋಡಿಸಿ, ‘ಗ್ರಾಹಕರ ದೂರು ಕಂಡುಬಂದಿಲ್ಲ’ ಎಂದು ಹೇಳಿ, ಮೇಡಂ ಒಮ್ಮೆ ಕಣ್ಣು ತೋರಿಸಿಕೊಂಡರೆ ಒಳ್ಳೆಯದು ಎಂದು ನಗುತ್ತಾ ಸೇರಿಸಿದನಂತೆ. ಕಾರು ತೊಳೆಯುವವನು ಸಹ ಕೊಂಬೆಯನ್ನು ಎತ್ತಿಟ್ಟು, ಒರೆಸಿ, ಕಾರು ಹೊರಡುವಾಗ ವಾಪಸ್ ಇಟ್ಟಿದ್ದ. ಅವನೂ ನಮ್ಮ ಕಡೆಯವನೇ.

‘ದೋಷ ದಾಖಲಾಗಿಲ್ಲ.’ ಈ ಮಾತಿನ ಬಗ್ಗೆ ನನಗೆ ಸಿಟ್ಟಿದೆ. ದಾಖಲಾಗಿಲ್ಲ ಎಂದರೆ ಯಂತ್ರಕ್ಕೆ ಗೊತ್ತಿಲ್ಲ ಎಂದಷ್ಟೇ ಅರ್ಥ. ನಾವು ಅದನ್ನು ‘ಇಲ್ಲ’ ಎಂದು ಓದಿಕೊಳ್ಳುತ್ತೇವೆ. ಯಂತ್ರಕ್ಕೆ ಗೊತ್ತಿಲ್ಲದ್ದನ್ನು ಹೆಂಗಸೊಬ್ಬಳು ನೋಡಿದೆ ಎಂದರೆ, ಯಂತ್ರದ ಕಣ್ಣನ್ನು ಪರೀಕ್ಷೆ ಮಾಡಿಸೋಣ ಎಂದು ಯಾರಿಗೂ ಹೊಳೆಯುವುದಿಲ್ಲ.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಸ್ಪೀಡು ಕಾಣದೆ ಹೆದರಿ ಚೆಸಾರಿಯಾ ಸಮುದ್ರದ ರಸ್ತೆಯಲ್ಲಿ ಆಮೆಯ ಹಾಗೆ ಹೋಗುತ್ತಿದ್ದಳು. ಹಿಂದೆ ಕಾರುಗಳ ಮೆರವಣಿಗೆ, ಹಾರ್ನು. ಪಕ್ಕದಲ್ಲಿ ಹಾದುಹೋಗುತ್ತಾ ಒಬ್ಬ ಕಿಟಕಿಯಿಂದ “ಅಜ್ಜೀ, ಸೂರ್ಯ ಇನ್ನೂ ಮುಳುಗಿಲ್ಲ” ಎಂದು ಕೂಗಿದ್ದ. ಊರಿನಲ್ಲಿ ಎಲ್ಲರಿಗೂ ಒಂದು ಅಡ್ಡಹೆಸರು ಇರಲೇಬೇಕು. ಅರವತ್ತು ದಾಟುವವರೆಗೆ ತಪ್ಪಿಸಿಕೊಂಡಿದ್ದವಳಿಗೆ ಈಗ ‘ಕತ್ತಲೆ ಚೆಸಾರಿಯಾ’ ಎಂಬ ಹೆಸರು ಅಂಟಿತು.

ಒಂದು ಸಂಜೆ ಜೆರಾರ್ದೊ ಶೆಡ್ಡಿಗೆ ಬಂದ. ದೊನಾತೊನ ಶಾಲೆಯ ಗೆಳೆಯ, ಹಿಟ್ಟಿನ ಧೂಳಿನಲ್ಲೇ ಹುಬ್ಬು ನರೆತವನು. ಕೂರಲಿಲ್ಲ.

“ನಿಜ ಹೇಳೋ. ಕಾರಲ್ಲಿ ಏನಾದ್ರೂ ಇದೆಯಾ?”

“ಎಲ್ಲಾ ನೋಡ್ದೆ ಮಾರಾಯ. ಏನೂ ಸಿಗಲಿಲ್ಲ.”

“ಏನೂ ಸಿಗಲಿಲ್ಲವಾ, ಏನೂ ಇಲ್ಲವಾ?”

ಇದು ಒಳ್ಳೆಯ ಪ್ರಶ್ನೆ. ಇಡೀ ಕತೆಯಲ್ಲಿ ಯಾರೂ ಕೇಳದಷ್ಟು ಒಳ್ಳೆಯ ಪ್ರಶ್ನೆ. ‘ಸಿಗಲಿಲ್ಲ’ ಎಂದರೆ ದೊನಾತೊ ಸೋತ. ‘ಇಲ್ಲ’ ಎಂದರೆ ಚೆಸಾರಿಯಾ ಸೋತಳು. ದೊನಾತೊ ಕೈಯಲ್ಲಿದ್ದ ವೈರಿನ ತುದಿಯನ್ನು ಸುಲಿಯುತ್ತಾ, “ಇಲ್ಲ” ಎಂದ.

“ನಾನೂ ವಾರವೆಲ್ಲ ಓಡಿಸಿ ನೋಡ್ದೆ” ಎಂದ ಜೆರಾರ್ದೊ. “ಹಗಲು ಹಗಲಾಗೇ ಇತ್ತು. ಹಾಗಾದ್ರೆ ಅಕ್ಕನೇ... ಸರಿ ಬಿಡು. ಅವಳು ಯಾರಿಗಾದ್ರೂ ಗುದ್ದಿ ಕೂತ್ಕೊಳ್ಳೋ ಮುಂಚೆ ನಿಲ್ಲಿಸ್ಬೇಕು. ಸರಕು ಹಾಕೋಕೆ ಒಬ್ಬನ್ನ ನೋಡಿದೀನಿ. ಶನಿವಾರ ಬರ್ತಾನೆ, ಅವತ್ತೇ ಕೀಲಿ ತಗೋತೀನಿ. ನೀನು ಹೇಳಿದೆ ಅಂತ ಹೇಳಿದ್ರೆ ಜಗಳ ಆಡಲ್ಲ. ನಿನ್ನ ಮೇಲೆ ಅವಳಿಗೆ ನಂಬಿಕೆ.”

ದೊನಾತೊ ಆ ರಾತ್ರಿ ಊಟಕ್ಕೆ ಕೂತು ತಟ್ಟೆಯನ್ನೇ ನೋಡುತ್ತಿದ್ದ. ಪೀನಾ ವಿಷಯ ಕೇಳಿ ತಿಳಿದುಕೊಂಡು, “ನಿನಗೆ ಸಿಗದೆ ಇರೋದೆಲ್ಲ ಇಲ್ಲ ಅನ್ನೋದಾದ್ರೆ, ನಿನ್ನ ಕನ್ನಡಕ ಈ ಮನೇಲಿ ಇರ್ತಾನೇ ಇರಲಿಲ್ಲ” ಎಂದಳು. ಕನ್ನಡಕ ಅವನ ಹಣೆಯ ಮೇಲಿತ್ತು.

ಶನಿವಾರ ಮಧ್ಯಾಹ್ನ, ಅಂಗಡಿಗಳೆಲ್ಲ ಊಟಕ್ಕೆ ಮುಚ್ಚಿದ ಹೊತ್ತಿನಲ್ಲಿ, ಕೆಂಪು ಕಾರು ಶೆಡ್ಡಿನ ಮುಂದೆ ನಿಂತಿತು. ಚೆಸಾರಿಯಾ ಇಳಿಯಲಿಲ್ಲ. ಆಚೆ ಕಡೆಯ ಬಾಗಿಲು ತೆರೆದಳು.

“ಕೂತ್ಕೋ.”

“ಅಕ್ಕ, ಊಟದ ಹೊತ್ತು...”

“ಕಾರಲ್ಲಿ ಏನೂ ಇಲ್ಲ ಅಂತ ಹೇಳಿದೀಯಂತೆ. ಇನ್ನೊಂದು ಗಂಟೇಲಿ ತಮ್ಮ ಕೀಲಿ ಇಸ್ಕೋತಾನೆ. ಕೊಡೋಕೆ ಮುಂಚೆ ಒಂದೇ ಒಂದು ಸಲ ನನ್ನ ಪಕ್ಕ ಕೂತು ನೋಡು. ನೀನು ಮೂರು ಸಲ ಕಾರನ್ನ ನೋಡಿದೆ. ಕಾರಲ್ಲಿ ನಾನಿದ್ದಾಗ ಒಂದು ಸಲಾನೂ ನೋಡಲಿಲ್ಲ.”

ದೊನಾತೊ ಶೆಡ್ಡಿನೊಳಗೆ ಹೋಗಿ ಸ್ಕ್ಯಾನರ್ ತಂದ. ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಆ ಕಾರಿನಲ್ಲಿ, ಅವಳು ಓಡಿಸುವಾಗ, ಅದೇ ಮೊದಲು ಕೂತದ್ದು. ತನ್ನ ಶೆಡ್ಡಿನಲ್ಲಿ ಕತ್ತಲು ಬರಲಿ ಎಂದು ಕಾದವನು ಕತ್ತಲು ಇರುವ ಜಾಗಕ್ಕೆ ಒಮ್ಮೆಯೂ ಹೋಗಿರಲಿಲ್ಲ.

ಸಮುದ್ರದ ರಸ್ತೆಗೆ ಬಂದರು. ಮೊದಲು ಆ ದಾರಿಯುದ್ದಕ್ಕೂ ಆಲಿವ್ ಮರಗಳ ನೆರಳಿತ್ತು. ಈಗ ಎರಡೂ ಬದಿಗೆ ಬೂದುಬಣ್ಣದ ಸೌದೆ ನಿಂತಿದೆ. ಮರಗಳಿಗೆ ರೋಗ ಬಂದಾಗ ದೊಡ್ಡವರು ಸಭೆ ಸೇರಿದರು, ಅದು ರೋಗವೋ ಅಲ್ಲವೋ ಎಂದು ವರ್ಷಗಟ್ಟಲೆ ಚರ್ಚೆ ಮಾಡಿದರು. ಚರ್ಚೆ ಮುಗಿಯುವ ಮುಂಚೆ ಮರಗಳು ಮುಗಿದವು. ಚೆಸಾರಿಯಾಳ ತುಂಡು ಜಮೀನಿನಲ್ಲಿ ಒಂದು ಮರದ ಬುಡದಿಂದ ಮಾತ್ರ ಹೊಸ ಚಿಗುರು ಬಂದಿದೆ. ಡ್ಯಾಶ್‌ಬೋರ್ಡಿನ ಮೇಲಿನ ಕೊಂಬೆ ಆ ಚಿಗುರಿನದು. ಅವಳೇ ಕತ್ತರಿಸಿ ಇಗರ್ಜಿಗೆ ಒಯ್ದು ಮಂತ್ರಿಸಿಕೊಂಡು ತಂದಿದ್ದಳು.

ನೆರಳಿಲ್ಲದ ರಸ್ತೆಯ ಮೇಲೆ ಬಿಸಿಲು ತಗಡಿನ ಹಾಗೆ ಹೊಳೆಯುತ್ತಿತ್ತು.

“ನೋಡ್ಕೋ” ಎಂದಳು ಚೆಸಾರಿಯಾ.

ಪರದೆ ಮಂಕಾಗಿತ್ತು. ದೊನಾತೊ ಬಗ್ಗಿದ, ಕೈ ಅಡ್ಡ ಹಿಡಿದು ಇಣುಕಿದ. ಅಂಕಿಗಳು ಬಾವಿಯ ತಳದಲ್ಲಿದ್ದಂತೆ ಎಲ್ಲೋ ಕೆಳಗೆ ಇದ್ದವು. ಎದುರಿಗೆ ಬಂದ ತರಕಾರಿ ಟೆಂಪೊದವನು ಲೈಟು ಮಿಟುಕಿಸಿ ಹೋದ.

“ಕಂಡ್ಯಾ? ನನಗೆ ಹೊಡೆದನೋ ನಿನಗೆ ಹೊಡೆದನೋ ಕಣ್ಣು?”

ದೊನಾತೊಗೆ ಕುಣಿಯುವಷ್ಟು ಸಂತೋಷವಾಯಿತು, ಅದರ ಹಿಂದೆಯೇ ಜೆರಾರ್ದೊಗೆ ಹೇಳಿದ ‘ಇಲ್ಲ’ ನೆನಪಾಯಿತು. ಇವಳು ವಾರಗಟ್ಟಲೆ ಹೇಳಿದ್ದು ಅಕ್ಷರ ಅಕ್ಷರವೂ ನಿಜ. “ನಿಲ್ಲಿಸಿ ಅಕ್ಕ, ಪಕ್ಕಕ್ಕೆ ಹಾಕಿ. ಎಂಜಿನ್ ಆರಿಸಬೇಡಿ.”

ಸ್ಕ್ಯಾನರ್ ಚುಚ್ಚಿ, ಬೆಳಕಿನ ಸೆನ್ಸರ್ ಆ ಗಳಿಗೆಯಲ್ಲಿ ಏನು ಹೇಳುತ್ತಿದೆ ಎಂದು ನೋಡಿದ. ಅದು ಹೇಳುತ್ತಿದ್ದದ್ದು: ರಾತ್ರಿ. ಹೊಸ ಸೆನ್ಸರ್, ಹೊಳೆಯುವ ಅರ್ತ್, ನೆತ್ತಿಯ ಮೇಲೆ ಸೂರ್ಯ, ಆದರೂ ರಾತ್ರಿ. ಸಿಕ್ಕಿಬಿತ್ತು ಎಂದು ತೋಳು ಮೇಲೇರಿಸಿದ. ಸೆನ್ಸರಿಗೆ ಕೈ ಹಾಕಬೇಕು. ಹಾಕುವ ಮುಂಚೆ, ಅಭ್ಯಾಸಬಲ, ಅಂಗಿಗೆ ಕೈ ಒರೆಸಿ ಕೊಂಬೆಯನ್ನು ಎತ್ತಿದ, ಬೆರಳಿಗೆ ಮುತ್ತಿಟ್ಟ, “ಸ್ವಲ್ಪ ಹಿಡ್ಕೊಳ್ಳಿ” ಎಂದು ಅವಳ ಕೈಗೆ ಕೊಟ್ಟ.

ಸ್ಕ್ಯಾನರಿನ ಅಂಕಿ ಜಿಗಿಯಿತು. ಪರದೆ ಬೆಳಗಿತು.

“ಹೋಯ್ತು” ಎಂದ ದೊನಾತೊ. “ಮತ್ತೆ ಹೋಯ್ತು. ಮುಟ್ಟೋಕೆ ಹೋದ್ರೆ ಓಡಿಹೋಗುತ್ತೆ, ದರಿದ್ರ. ನಾನು ಹೇಳ್ತೀನಲ್ಲ, ಇದು ಲೂಸ್ ಕನೆಕ್ಷನ್ನೇ.” ಡ್ಯಾಶ್‌ಬೋರ್ಡನ್ನು ಅಂಗೈಯಿಂದ ತಟ್ಟಿದ. ಕೆಳಗೆ ತಲೆ ಹಾಕಿ ವೈರು ಎಳೆದ. ಏನೂ ಆಗಲಿಲ್ಲ. ಅವನ ತಲೆ ಕೆಳಗಿದ್ದಾಗ ಚೆಸಾರಿಯಾಗೆ ಸಿಗರೇಟು ಹುಡುಕಲು ಕೈ ಬೇಕಾಯಿತು; ಕೊಂಬೆಯನ್ನು ಮೊದಲಿನ ಜಾಗಕ್ಕೆ ಸಿಕ್ಕಿಸಿದಳು.

“ಬಂತು, ಬಂತು” ಎಂದು ದೊನಾತೊ ಕೆಳಗಿನಿಂದಲೇ ಸ್ಕ್ಯಾನರ್ ನೋಡುತ್ತಾ ಹೇಳಿದ. “ಅಲ್ಲಾಡಬೇಡಿ ಅಕ್ಕ. ಯಾರೂ ಏನೂ ಮುಟ್ಟಬೇಡಿ.” ಹಾಗೆಂದವನು ಎದ್ದು, ಕೈ ಒರೆಸಿ, ಕೊಂಬೆ ಎತ್ತಿ, ಮುತ್ತಿಟ್ಟು, ಅವಳ ಕೈಗೆ ಕೊಟ್ಟ. ಹಗಲಾಯಿತು. “ಥೂ” ಎಂದ.

ಚೆಸಾರಿಯಾ ಸಿಗರೇಟು ಹಚ್ಚಲಿಲ್ಲ. ಕೈಯಲ್ಲಿದ್ದ ಕೊಂಬೆ ನೋಡಿದಳು. ಅವನನ್ನು ನೋಡಿದಳು.

“ದೊನಾತೊ, ಶೆಡ್ಡಲ್ಲೂ ನೀನು ಇದನ್ನ ಹೀಗೇ ತೆಗೀತಿದ್ಯಾ?”

“ತೆಗೀದೆ ಇರ್ತೀನಾ? ಮಂತ್ರಿಸಿದ್ದು. ಗ್ರೀಸ್ ಆಗಬಾರದಲ್ಲ.”

“ಆಮೇಲೆ?”

“ಆಮೇಲೆ ಏನು, ಇದ್ದಲ್ಲೇ ಇಡ್ತಿದ್ದೆ. ಒಂದು ಎಲೆ ಆಚೀಚೆ ಆಗದ ಹಾಗೆ. ರಿಬ್ಬನ್ ಕೂಡ...”

ಅಲ್ಲಿಗೆ ಅವನ ಮಾತು ನಿಂತಿತು. ಆಮೇಲೆ ಚೆಸಾರಿಯಾ ಕೊಂಬೆಯನ್ನು ನಿಧಾನವಾಗಿ ತಂದು ಕಪ್ಪು ಗುಂಡಿಯ ಮೇಲೆ ಒರಗಿಸಿದಳು. ರಾತ್ರಿ. ಎತ್ತಿದಳು. ಹಗಲು. ಇನ್ನೊಮ್ಮೆ ಒರಗಿಸಿದಳು, ಎತ್ತಿದಳು. ಅವಳಿಗೆ ಅದು ಆಟವಾಯಿತು. ದೊನಾತೊ ಕನ್ನಡಕ ತೆಗೆದು ಮುಖ ಉಜ್ಜಿಕೊಂಡ.

“ಸೆನ್ಸರ್ ಸರಿಯಾಗೇ ಹೇಳ್ತಿತ್ತು” ಎಂದ. “ಕತ್ತಲು ಕಂಡ್ರೆ ಕತ್ತಲು ಅನ್ನದೆ ಇನ್ನೇನು ಅನ್ನುತ್ತೆ. ಅದನ್ನೇ ಕಿತ್ತು ಎಸೆದೆನಲ್ಲ.”

“ಹಾಗಾದ್ರೆ ಆ ಗುಂಡಿ ಅದಕ್ಕಾ ಇರೋದು?” ಎಂದಳು ಚೆಸಾರಿಯಾ. “ನಾನು, ಕೊಂಬೆ ತಿರುವಲ್ಲಿ ಜಾರಬಾರದು ಅಂತ ಕಂಪನಿಯವರು ಆನಿಕೆ ಇಟ್ಟಿದಾರೆ ಅಂದ್ಕೊಂಡಿದ್ದೆ. ಪಾಪ, ಎಷ್ಟು ಒಳ್ಳೆ ಜನ ಅಂತ ಆಶೀರ್ವಾದಾನೂ ಮಾಡಿದ್ದೆ.”

ನಗು ಮೊದಲು ಅವಳಿಗೆ ಬಂತು. ದೊನಾತೊಗೆ ಬರಲಿಲ್ಲ. ಕ್ಯಾಲೆಂಡರಿನ ಸಂತ ಮೂರು ಸಲವೂ ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದನಲ್ಲ, ಒಂದು ಸಲವಾದರೂ ಕೆಮ್ಮಬಾರದಿತ್ತೆ ಎಂದು ಅವನಿಗೆ ಅನ್ನಿಸಿತು. ತನ್ನ ಬಾಗಿಲ ಮೇಲಿನ ಸಾಲು ನೆನಪಾಯಿತು. ಕೊಂಬೆಯನ್ನು ಅವನು ನೋಡಿರಲಿಲ್ಲವೆಂದಲ್ಲ. ಎತ್ತಿದ್ದ, ಮುಟ್ಟಿದ್ದ, ಮುತ್ತಿಟ್ಟಿದ್ದ. ಆದರೆ ಅದು ದೇವರ ಲೆಕ್ಕದ್ದು, ಕಾರಿನ ಲೆಕ್ಕದ್ದಲ್ಲ. ಹಾಗೆಯೇ ಚೆಸಾರಿಯಾ ಹೇಳಿದ ಮಾತು ಹೆಂಗಸಿನ ಲೆಕ್ಕದ್ದು, ಯಂತ್ರದ ಲೆಕ್ಕದ್ದಲ್ಲ. ಎರಡನ್ನೂ ಮರ್ಯಾದೆಯಿಂದ ಎತ್ತಿ ಪಕ್ಕಕ್ಕಿಟ್ಟಿದ್ದ.

ಬೇಕರಿಯ ಕಡೆಗೆ ಕಾರು ತಿರುಗಿಸುವಾಗ ಚೆಸಾರಿಯಾ ನಗು ನಿಲ್ಲಿಸಿ ಹೇಳಿದಳು: “ನೀನು ಒಂದು ಕೆಲಸ ಮಾಡು. ಸೆನ್ಸರ್ ಕೆಟ್ಟಿತ್ತು, ಬದಲಾಯಿಸ್ದೆ, ಸರಿಹೋಯ್ತು ಅಂತ ತಮ್ಮನಿಗೆ ಹೇಳು. ನಿನ್ನ ಮರ್ಯಾದೆ ಉಳಿಯುತ್ತೆ, ನನ್ನ ಕೀಲಿ ಉಳಿಯುತ್ತೆ. ಕೊಂಬೆ ವಿಷಯ ಎತ್ತಿದ್ರೆ, ಅಕ್ಕ ತಾನೇ ಮುಚ್ಚಿಟ್ಟು ತಾನೇ ಕತ್ತಲು ಅಂದಳು ಅಂತಾನೆ. ಕಣ್ಣು ಕೆಟ್ಟಿದೆ ಅನ್ನೋದು ಬಿಟ್ಟು ತಲೆ ಕೆಟ್ಟಿದೆ ಅಂತಾನೆ.”

ಮಾತು ಸರಿಯಾಗಿತ್ತು. ದೊನಾತೊಗೆ ಆ ಸುಳ್ಳು ಬಿಸಿ ರೊಟ್ಟಿಯಷ್ಟೇ ಹಿತವಾಗಿತ್ತು. ದಾರಿಯುದ್ದಕ್ಕೂ ಅದನ್ನು ಬಾಯಲ್ಲಿ ಅತ್ತಿಂದಿತ್ತ ತಿರುಗಿಸುತ್ತಾ ಬಂದ. ಕಾಫಿ ಅಂಗಡಿಯಲ್ಲಿ ಹೇಳಲು ಕತೆಯೂ ಆಗಲೇ ಹೊಸೆದುಕೊಳ್ಳುತ್ತಿತ್ತು: ನಾನು ಪಕ್ಕದಲ್ಲಿ ಕೂತೆ, ಬಗ್ಗಿ ನೋಡಿದೆ.

ಬೇಕರಿಯ ಅಂಗಳದಲ್ಲಿ ಜೆರಾರ್ದೊ ಕಾಯುತ್ತಿದ್ದ. ಪಕ್ಕದಲ್ಲಿ ಹೊಸ ಡ್ರೈವರು, ಒಗೆದ ಅಂಗಿ ಹಾಕಿಕೊಂಡ ಮಧ್ಯವಯಸ್ಸಿನವನು, ಪರರ ಮನೆಯ ಜಗಳಕ್ಕೆ ಸಿಕ್ಕಿಕೊಂಡವನಂತೆ ನೆಲ ನೋಡುತ್ತಿದ್ದ. ಜೆರಾರ್ದೊ ಕೀಲಿಗೆ ಕೈ ಚಾಚಿದ. ಚೆಸಾರಿಯಾ ಎಂಜಿನ್ ಆರಿಸಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಇಳಿದಳು. ದೊನಾತೊನ ಕಡೆ ನೋಡಿದಳು.

“ಜೆರಾರ್ದೊ” ಎಂದ ದೊನಾತೊ. “ಮೊನ್ನೆ ಇಲ್ಲ ಅಂದೆನಲ್ಲ, ಅದು ಸುಳ್ಳು. ಸಿಗಲಿಲ್ಲ ಅನ್ನಬೇಕಿತ್ತು.”

“ಈಗ ಸಿಕ್ತಾ?”

“ಸಿಕ್ತು. ನಿನ್ನಕ್ಕ ಹೇಳಿದ್ದೆಲ್ಲ ನಿಜ. ಈಗ ತಾನೇ ನನ್ನ ಕಣ್ಣಾರೆ ನೋಡ್ದೆ.” ಕಾರಿನೊಳಗೆ ಕೈ ಹಾಕಿ ಕೊಂಬೆ ತೆಗೆದ. “ಇದು. ಬೆಳಕಿನ ಸೆನ್ಸರ್ ಮೇಲೆ ಕೂತಿತ್ತು.”

ಜೆರಾರ್ದೊ ಕೊಂಬೆ ನೋಡಿದ, ಅಕ್ಕನನ್ನು ನೋಡಿದ. ಅವಳು ಹೇಳಿದಂತೆಯೇ ಅವನ ಮುಖ ತಿರುಗಿತು. “ಅಂದ್ರೆ ಅವಳೇ ಇಟ್ಟಿದ್ದು.”

“ಒಂದು ಸಲ ಅವಳು ಇಟ್ಟಳು. ಮೂರು ಸಲ ನಾನಿಟ್ಟೆ. ಕೈ ತೊಳ್ಕೊಂಡು, ಮುತ್ತಿಟ್ಟು, ಅಳತೆ ನೋಡಿ ಇಟ್ಟೆ. ಅವಳಿಗೆ ಆ ಗುಂಡಿ ಏನು ಅಂತ ಯಾರೂ ಹೇಳಿರಲಿಲ್ಲ. ನನಗೆ ಗೊತ್ತಿತ್ತು. ಅದನ್ನ ಕಿತ್ತು ಹೊಸದು ಹಾಕಿ, ಹೊಸದರ ಮೇಲೂ ಮುಚ್ಚಿದೆ. ಇದಕ್ಕೆ ಅವಳ ಕೀಲಿ ಕಿತ್ಕೊಳ್ಳೋದಾದ್ರೆ ನನ್ನ ಶೆಡ್ಡಿನ ಕೀಲಿ ಮೊದಲು ತಗೋ.” ನಿಜವಾಗಿಯೂ ಜೇಬಿನಿಂದ ಕೀಲಿ ತೆಗೆದು ಚಾಚಿದ. ಅದು ಮನೆಯ ಕೀಲಿಯಾಗಿತ್ತು, ಆದರೆ ಯಾರಿಗೂ ಗೊತ್ತಾಗಲಿಲ್ಲ.

ಹೊಸ ಡ್ರೈವರು ಮೊದಲ ಸಲ ತಲೆಯೆತ್ತಿದ.

“ಇನ್ನೊಂದು ಕೇಳ್ತೀನಿ” ಎಂದ ದೊನಾತೊ. “ವಾರವೆಲ್ಲ ಓಡಿಸಿದೆ ಅಂದ್ಯಲ್ಲ, ಆಗ ಇದು ಎಲ್ಲಿತ್ತು?”

ಜೆರಾರ್ದೊ ಹುಬ್ಬಿನ ಹಿಟ್ಟು ಒರೆಸಿಕೊಂಡ. “ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ. ಕೊಂಬೆ ಇರೋ ಜಾಗದಲ್ಲಿ ನಾನು ಫೋನ್ ನಿಲ್ಲಿಸ್ಕೋತೀನಿ. ಆ ಗುಂಡಿಗಿಂತ ಸ್ವಲ್ಪ ಈಚೆಗೆ.”

“ಆಮೇಲೆ?”

“ಆಮೇಲೆ ವಾಪಸ್ ಇಡ್ತಿದ್ದೆ. ಇಲ್ದಿದ್ರೆ ಅಕ್ಕ ಬೈತಾಳೆ.” ತಡೆದು, ತಾನೇ ಆಡಿದ ಮಾತನ್ನು ಕೇಳಿಸಿಕೊಂಡವನಂತೆ, ಸಣ್ಣ ದನಿಯಲ್ಲಿ ಸೇರಿಸಿದ: “ಅದೇ ಜಾಗದಲ್ಲಿ.”

ಚಾಚಿದ್ದ ಕೈ ಇನ್ನೂ ಚಾಚಿಯೇ ಇದೆಯೆಂದು ಜೆರಾರ್ದೊಗೆ ಆಗ ಅರಿವಾಯಿತು. ಅದನ್ನು ಏನು ಮಾಡುವುದೆಂದು ತಿಳಿಯದೆ ಏಪ್ರನ್ನಿಗೆ ಒರೆಸಿಕೊಂಡ.

“ಆದ್ರೂ ಅಕ್ಕ, ಕಣ್ಣು ಒಂದು ಸಲ...”

“ಮಾಡಿಸ್ತೀನಿ” ಎಂದಳು ಚೆಸಾರಿಯಾ. “ಸೋಮವಾರವೇ ಮಾಡಿಸ್ತೀನಿ. ಕಣ್ಣಿನ ಡಾಕ್ಟರ ಹತ್ರ ನಾಲ್ಕು ಚೀಟಿ ತಗೋ. ನಿನಗೊಂದು, ಇವನಿಗೊಂದು, ನನಗೊಂದು. ಇನ್ನೊಂದು ಆ ಶೋರೂಮಿನ ಹುಡುಗನಿಗೆ.” ಕೀಲಿಯನ್ನು ಜೇಬಿಗೆ ಹಾಕಿಕೊಂಡಳು. ಹೊಸ ಡ್ರೈವರನ ಕಡೆ ತಿರುಗಿ ದನಿ ಇಳಿಸಿದಳು. “ಬಂದಿದೀರ, ಬರಿಗೈಲಿ ಹೋಗಬೇಡಿ. ಒಳಗೆ ರೊಟ್ಟಿ ಇದೆ, ತಮ್ಮ ಕೊಡ್ತಾನೆ. ಒಲೆಗೆ ಸೌದೆ ಹೊರೋಕೆ ಆಗೋದಾದ್ರೆ ಅದನ್ನೂ ಅವನ ಹತ್ರ ಮಾತಾಡಿ. ಮೂಟೆ ನಾನೇ ಹಾಕಿ ಬರ್ತೀನಿ.”

ದೊನಾತೊನನ್ನು ಶೆಡ್ಡಿಗೆ ಬಿಡಲು ಅವಳೇ ಹೊರಟಳು. ಆಗ ಒಂದು ತೊಡಕಾಯಿತು. ಕೊಂಬೆಯನ್ನು ಎಲ್ಲಿಡುವುದು? ಡ್ಯಾಶ್‌ಬೋರ್ಡಿನ ಮೇಲೆ ಆಗದು. ಡಬ್ಬದೊಳಗೆ ತುರುಕಲು ಅವಳು ಒಪ್ಪಲಿಲ್ಲ. ಹಿಂದಿನ ಸೀಟಿನಲ್ಲಿ ಮೂಟೆಗಳಿದ್ದವು. ಕೊನೆಗೆ “ನೀನೇ ಹಿಡ್ಕೋ” ಎಂದಳು. ದೊನಾತೊ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತು, ಎರಡೂ ಕೈಯಲ್ಲಿ ಕೊಂಬೆ ಹಿಡಿದು, ಹಬ್ಬದ ಮೆರವಣಿಗೆಯಲ್ಲಿ ಹೋಗುವವನಂತೆ ಊರ ನಡುವಿನಿಂದ ಹೋದ. ಚೌಕದ ಕಾಫಿ ಅಂಗಡಿಯ ಮುಂದೆ ಚೆಸಾರಿಯಾ ಬೇಕೆಂದೇ ನಿಧಾನ ಮಾಡಿದಳು. ಕಾಫಿ ಮಾಡುವವನು ಕಪ್ಪು ಒರೆಸುವುದನ್ನು ಬಿಟ್ಟು ಬಾಗಿಲಿಗೆ ಬಂದ. ಆ ಸಂಜೆಯೇ ಅಡ್ಡಹೆಸರು ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಅಂಟಿತು. ನಮ್ಮೂರಲ್ಲಿ ಈಗ ‘ಕತ್ತಲೆ’ ಎಂದರೆ ದೊನಾತೊ.

ಶೆಡ್ಡಿನ ಮುಂದೆ ಇಳಿದ. ಬಾಗಿಲು ಹಾಕಿದ ತಕ್ಷಣ ಕೆಂಪು ಕಾರು ಸಮುದ್ರದ ಕಡೆ ತಿರುಗಿತು. ಮೂಟೆಗಳಿಗೆ ತಡವಾಗಿತ್ತು, ಸಿಗರೇಟಿಗೂ. ಪರದೆ ಬೆಳಗುತ್ತಿತ್ತು, ಹೆಡ್‌ಲೈಟು ಆರಿತ್ತು. ಅವನು ನೀಲಿ ಅಕ್ಷರಗಳ ಕೆಳಗೆ ನಿಂತು ಅದು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಕೊಂಬೆ ತನ್ನ ಕೈಯಲ್ಲೇ ಉಳಿದಿದೆ ಎಂದು ಆಮೇಲೆ ತಿಳಿಯಿತು. ಓಡಿಹೋಗಿ ಕೊಟ್ಟುಬಿಡಲೆಂದು ಎರಡು ಹೆಜ್ಜೆ ಹಾಕಿ, ನಿಂತ. ಒಳಗೆ ಹೋಗಿ ಅದನ್ನು ಸಂತನ ಕೆಳಗಿನ ಹಲಗೆಯ ಮೇಲಿಟ್ಟ, ರಿಬ್ಬನ್ ಬಲಕ್ಕೆ. ಅದನ್ನು ವಾಪಸ್ ಇಡದೆ ಕಾರು ಕಳಿಸಿದ್ದು ಅದೇ ಮೊದಲು.